ನೀರುಗುಳ್ಳೆ: ನನ್ನದೇ ಸಂದೇಶಕ್ಕೊಂದು ಸ್ಪಷ್ಟನೆ

‘ಮೂತ್ರಪಿಂಡ, ಯಕೃತ್ತಿನ ನೀರುಗುಳ್ಳೆಗೆ (ಸಿಸ್ಟ್, ಅಂದರೆ ದ್ರವ ತುಂಬಿದ ಚೀಲ) ಆಪರೇಷನ್ ಬೇಡ, ಸೂಜಿಯಿಂದ ನೀರು ತೆಗೆಸಿದರೆ ಮುಗಿಯಿತು’ ಎಂದು ನಾನು ಬರೆದದ್ದು ಹರಿದಾಡುತ್ತಿದೆ. ಅದು ಅರ್ಧಸತ್ಯ, ತಪ್ಪು ನನ್ನದು. ಬರೀ ನೀರು ತೆಗೆದರೆ ಗುಳ್ಳೆ ಬಹುತೇಕ ಮತ್ತೆ ತುಂಬಿಕೊಳ್ಳುತ್ತದೆ. ದ್ರವ ಒಸರುವ ಒಳಪದರ ಹಾಗೆಯೇ ಉಳಿದಿರುತ್ತದಲ್ಲ! ಆದ್ದರಿಂದ ಅಲ್ಟ್ರಾಸೌಂಡ್ ನೋಡುತ್ತ ನೀರು ಬಸಿದು, ಆಲ್ಕೋಹಾಲ್‌ನಂಥ ಔಷಧ ತುಂಬಿ ಆ ಪದರವನ್ನು ನಾಶಮಾಡುತ್ತಾರೆ. ಇದೇ ಸ್ಕ್ಲೀರೋಥೆರಪಿ. ಅದೂ ನೋವು, ಒತ್ತಡ ಕೊಡುವ ಸಾದಾ (ತೆಳುಗೋಡೆಯ, ತಿಳಿನೀರಷ್ಟೇ ತುಂಬಿದ) ಗುಳ್ಳೆಗೆ ಮಾತ್ರ. ತೊಂದರೆ ಕೊಡದ ಸಾದಾ ಗುಳ್ಳೆಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಯಕೃತ್ತಿನ ಗುಳ್ಳೆಗಳ ಬಗ್ಗೆ ಯುರೋಪಿನ ತಜ್ಞರ 2022ರ ಮಾರ್ಗಸೂಚಿ ಹೇಳುವುದೂ ಇದನ್ನೇ. ನಾಯಿಯ ಲಾಡಿಹುಳುವಿನಿಂದ ಬರುವ ಹೈಡಾಟಿಡ್ ಗುಳ್ಳೆಯಾಗಿದ್ದರೆ, ಸಿದ್ಧತೆಯಿಲ್ಲದೆ ಸೂಜಿ ಚುಚ್ಚುವುದು ಪ್ರಾಣಾಪಾಯ. ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ.