ದನಿ ಒಡೆದ ಹುಡುಗ ಎಲ್ಲಿಗೆ ಹೋಗಬೇಕು?

ತಂಗಿ ಆಸ್ಟ್ರಿಯಾದ ವಿಯೆನ್ನಾದಲ್ಲಿದ್ದಾಳೆ. ಹೋದ ವರ್ಷ ಅವಳ ಮನೆಗೆ ಹೋಗಿದ್ದಾಗ ಒಂದು ಶುಕ್ರವಾರ ಸಂಜೆ ವಿಯೆನ್ನಾ ಬಾಯ್ಸ್ ಕ್ವಾಯರ್ ಅನ್ನುವ ಹುಡುಗರ ಗಾಯನ ತಂಡ ಹಾಡುವುದನ್ನು ಕೇಳಲು ಕರೆದುಕೊಂಡು ಹೋದಳು. ಊರಿಗೆ ಬಂದು ಹೇಳಿದರೆ ಎಲ್ಲರೂ ಕೇಳಿದ್ದು ಒಂದೇ. 'ದೇವಲೋಕದ ಮಕ್ಕಳ ಹಾಗೆ ಹಾಡ್ತಾರಂತೆ, ಹೌದಾ?'

ಹಾಡ್ತಾರೆ, ನಿಜ. ಆದರೆ ನಾನು ಅವತ್ತು ಜಾಸ್ತಿ ಹೊತ್ತು ನೋಡಿದ್ದು ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿದ್ದ ಒಬ್ಬ ಹುಡುಗನನ್ನು. ಹದಿಮೂರೋ ಹದಿನಾಲ್ಕೋ ಇರಬೇಕು. ತಂಡದ ಸಮವಸ್ತ್ರ ನಾವಿಕರ ಅಂಗಿ, ಅದರ ತೋಳು ಅವನ ಮಣಿಕಟ್ಟಿಗಿಂತ ಎರಡು ಬೆರಳು ಮೇಲಕ್ಕೇ ನಿಂತುಬಿಟ್ಟಿತ್ತು. ಪಕ್ಕದವನು ಅವನ ಹೆಗಲಿಗೂ ಬರುತ್ತಿರಲಿಲ್ಲ. ಹಾಡು ಮೇಲಕ್ಕೆ ಏರಿದಾಗೆಲ್ಲ ಇವನು ಸುಮ್ನೆ ಬಾಯಿ ಆಡಿಸುತ್ತಿದ್ದಾನೆ, ದನಿ ಬಿಡುತ್ತಿಲ್ಲ ಅಂತ ನನಗೆ ಅನ್ನಿಸಿತು.

ಅವರ ಮೇಷ್ಟ್ರು ಪಿಯಾನೊ ಮುಂದೆ ಕೂತಿದ್ದರು. ನುಡಿಸುವವರೂ ಅವರೇ, ಹಾಡಿಸುವವರೂ ಅವರೇ. ತಾಳ ತೋರಿಸಲು ಕೈ ಖಾಲಿ ಇಲ್ಲ. ಹುಬ್ಬು, ಗಲ್ಲ, ತಲೆ, ಇಷ್ಟರಲ್ಲೇ ಎಲ್ಲ ನಡೆಸಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತಾವೇ ಬಾಯಿ ತೆರೆದು ಎಳೆಯುತ್ತಿದ್ದರು. ಇಪ್ಪತ್ತು ಚಿಲ್ಲರೆ ಮಕ್ಕಳೂ ಜೊತೆಗೇ ಎಳೆಯುತ್ತಿದ್ದರು. ಒಂದು ಕಡೆ ಆ ಉದ್ದನೆಯ ಹುಡುಗನ ಕಡೆ ತಿರುಗಿ ಸಣ್ಣಗೆ ತಲೆ ಅಲ್ಲಾಡಿಸಿದರು. 'ಬೇಡ ಬಿಡು' ಅನ್ನುವ ಹಾಗೆ. ಅವನು ಬಾಯಿ ಮುಚ್ಚಿದ.

ನನಗೆ ಅಲ್ಲಿಂದ ಮುಂದೆ ಹಾಡು ಸರಿಯಾಗಿ ಕೇಳಿಸಲೇ ಇಲ್ಲ.

ಈ ಕೆಲಸ ಎಂಥದ್ದು ನೋಡಿ. ಹಲಸಿನ ಮರದಲ್ಲಿ ಒಂದು ವೀಣೆ ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಈ ಮೇಷ್ಟ್ರ ವಾದ್ಯ ನಾಲ್ಕೈದು ವರ್ಷಕ್ಕೆ ಮುಗಿದುಹೋಗುತ್ತೆ. ಒಂಬತ್ತು ಹತ್ತಕ್ಕೆ ಸೇರಿದ ಹುಡುಗ ಹದಿನಾಲ್ಕರ ಹೊತ್ತಿಗೆ ಹೊರಗೆ. ಹಾಡುವುದು ಅಂದ್ರೆ ಏನು ಅಂತ ಅವನಿಗೆ ಗೊತ್ತಾಗುವ ಹೊತ್ತಿಗೆ ಸರಿಯಾಗಿ ದನಿ ಒಡೆಯುತ್ತೆ. ಹದಿನೆಂಟನೇ ಶತಮಾನದಲ್ಲಿ ಹದಿನಾರು ಹದಿನೇಳರವರೆಗೂ ಹುಡುಗರು ಮೇಲಿನ ಸ್ವರ ಹಾಡುತ್ತಿದ್ದರು. ಈಗ ಮಕ್ಕಳು ಬೇಗ ಬೆಳೀತಾರೆ, ದನಿಯೂ ಬೇಗ ಒಡೆಯುತ್ತೆ. 1498ರಲ್ಲಿ ಒಂದನೇ ಮ್ಯಾಕ್ಸಿಮಿಲಿಯನ್ ದೊರೆ ತನ್ನ ಅರಮನೆಯ ಪ್ರಾರ್ಥನೆಗೆ ಹುಡುಗರನ್ನು ಇಟ್ಟಾಗಿನಿಂದ ಇದೇ ಕಥೆ. ಐನೂರು ವರ್ಷದ ಪರಂಪರೆ ಅಂತ ಹೇಳೋದು ಸುಲಭ. ಆದರೆ ಹಾಡುವವರಲ್ಲಿ ಐದು ವರ್ಷ ಹಿಂದಿನದ್ದು ನೆನಪಿರುವ ಒಬ್ಬನೂ ಇರಲ್ಲ. ಆ ನೆನಪೆಲ್ಲ ಮೇಷ್ಟ್ರ ತಲೆಯಲ್ಲಿ.

ಹಾಗಾಗಿ ಇಂಥ ತಂಡ ನಡೆಸುವವರನ್ನು ನಾನು ಅಳೆಯುವುದು ಹಾಡು ಕೇಳಿ ಅಲ್ಲ. ದನಿ ಒಡೆದ ಹುಡುಗನಿಗೆ ಏನು ಮಾಡ್ತೀರಿ, ಅದನ್ನು ಹೇಳಿ ಅಂತೀನಿ.

ಹಿಂದೆ ಏನು ಮಾಡ್ತಿದ್ದರು? ಮುಂದೆ ದೊಡ್ಡ ಸಂಗೀತಗಾರನಾದ ಹೈಡನ್ ಕಥೆ ಕೇಳಿ. ಅವನು ಅದೇ ಊರಿನ ಸೇಂಟ್ ಸ್ಟೀಫನ್ ಕ್ಯಾಥೆಡ್ರಲ್‌ನಲ್ಲಿ ಹಾಡುತ್ತಿದ್ದ ಹುಡುಗ. ದನಿ ಒಡೆಯಿತು. ಇವನು ಕಾಗೆ ಕೂಗಿದ ಹಾಗೆ ಹಾಡ್ತಾನೆ ಅಂತ ಮಹಾರಾಣಿ ಮರಿಯಾ ತೆರೇಸಾ ಗೊಣಗಿದಳು ಅನ್ನುವ ಕಥೆ ಇದೆ. ಅಷ್ಟರಲ್ಲಿ ಅವನ ತಮ್ಮ ಮೈಕಲ್ ಅಲ್ಲೇ ಚೆನ್ನಾಗಿ ಹಾಡಲು ಶುರು ಮಾಡಿದ್ದ. 1749ರ ಸುಮಾರಿಗೆ ಅಣ್ಣನನ್ನು ಕೈಯಲ್ಲಿ ಕಾಸಿಲ್ಲದೆ ಬೀದಿಗೆ ಬಿಟ್ಟರು. ಈಗ ನೋಡಿ, ಬಾಯ್ಸ್ ಕ್ವಾಯರ್‌ನ ನಾಲ್ಕು ತಂಡಗಳಲ್ಲಿ ಒಂದಕ್ಕೆ ಅವನದೇ ಹೆಸರು! ಉಳಿದ ಮೂರಕ್ಕೆ ಮೊಟ್ಸಾರ್ಟ್, ಶೂಬರ್ಟ್, ಬ್ರುಕ್ನರ್ ಅನ್ನುವ ಸಂಗೀತಗಾರರ ಹೆಸರಿವೆ. ಇವರಲ್ಲಿ ಅರಮನೆಯ ಈ ತಂಡಕ್ಕೇ ಸೇರಿದ ಹುಡುಗನಾಗಿದ್ದವನು ಶೂಬರ್ಟ್ ಒಬ್ಬನೇ, 1808ರಿಂದ. ಅವನೂ 1812ರ ಜುಲೈ 26ರಂದು ತನ್ನ ಸ್ವರದ ಹಾಳೆಯ ಮೇಲೆ 'ಕೊನೆಯ ಸಲ ಕೂಗಿದೆ' ಅಂತ ಬರೆದಿಟ್ಟ. ಹುಂಜ ಕೂಗುತ್ತಲ್ಲ, ಆ ಮಾತು. ಹದಿನೈದು ವರ್ಷದ ಹುಡುಗ ತನ್ನನ್ನೇ ತಮಾಷೆ ಮಾಡಿಕೊಂಡಿದ್ದು.

ನಮ್ಮ ಯಕ್ಷಗಾನ ಮೇಳದಲ್ಲಿ ಬಾಲಗೋಪಾಲ ಕುಣಿಯುವ ಹುಡುಗನಿಗೆ ಮೀಸೆ ಚಿಗುರಿದರೆ ಪುಂಡುವೇಷ, ಅಂದ್ರೆ ತರುಣ ವೀರನ ಪಾತ್ರ, ಕಾದಿರುತ್ತೆ. ಅವನು ತಿರುಗಾಟ ಬಿಡಬೇಕಾಗಿಲ್ಲ. ಇವರಿಗೆ ಆ ಮುಂದಿನ ವೇಷವೇ ಇರಲಿಲ್ಲ.

ತಿರುಗಾಟ ಅಂದ ಮೇಲೆ ಅದನ್ನೂ ಹೇಳಿಬಿಡ್ತೀನಿ. ಇವರು ಊರೂರು ಸುತ್ತಲು ಶುರು ಮಾಡಿದ್ದು ಹೊಟ್ಟೆಪಾಡಿಗೆ. 1918ರಲ್ಲಿ ದೊರೆತನ ಹೋಯಿತು, ಅದರ ಜೊತೆ ಸಂಬಳವೂ ಹೋಯಿತು. ಯೋಸೆಫ್ ಶ್ನಿಟ್ ಅನ್ನುವ ಪಾದ್ರಿ 1924ರಲ್ಲಿ ತಮ್ಮ ಕೈಯಿಂದ ದುಡ್ಡು ಹಾಕಿ ಮತ್ತೆ ಹುಡುಗರನ್ನು ಸೇರಿಸಿದರು. ಆ ದುಡ್ಡೂ ಕರಗಿತು. 1926ರಿಂದ ಚರ್ಚಿನ ಹೊರಗೆ ಟಿಕೆಟ್ ಇಟ್ಟು ಹಾಡಿಸಿದರು. 1932ಕ್ಕೆ ಅಮೆರಿಕಕ್ಕೇ ಹೊರಟರು. ಸೊಂಟದಲ್ಲಿ ಕಿರುಗತ್ತಿ ಇದ್ದ ಅರಮನೆಯ ಸಮವಸ್ತ್ರ ಹೋಗಿ ನಾವಿಕರ ಅಂಗಿ ಬಂದಿದ್ದೂ ಶ್ನಿಟ್ ಕಾಲದಲ್ಲೇ. ಈಗ ನೂರರ ಆಸುಪಾಸು ಹುಡುಗರಿದ್ದಾರೆ, ನಾಲ್ಕೂ ತಂಡ ಸೇರಿ ವರ್ಷಕ್ಕೆ ಸುಮಾರು 300 ಕಾರ್ಯಕ್ರಮ ಕೊಡುತ್ತವೆ. ಒಂದೊಂದು ತಂಡ ಒಂಬತ್ತರಿಂದ ಹನ್ನೊಂದು ವಾರ ಪ್ರವಾಸದಲ್ಲೇ ಇರುತ್ತೆ. ಹತ್ತು ವರ್ಷದ ಮಗುವಿಗೆ ಅದು ಜಾಸ್ತಿಯೇ ಅಂತ ನನಗೆ ಈಗಲೂ ಅನ್ನಿಸುತ್ತೆ. ಕೊರೊನಾದಲ್ಲಿ ಪ್ರವಾಸ ನಿಂತಾಗ ಇವರ ಆದಾಯವೂ ನಿಂತಿತ್ತು. ಅಂದ್ರೆ ಇಡೀ ಮನೆ ನಿಂತಿರುವುದು ಈ ಮಕ್ಕಳ ಗಂಟಲಿನ ಮೇಲೆ.

ಇನ್ನು ಗೆರಾಲ್ಡ್ ವಿರ್ಟ್ ವಿಷಯ. ಇದೇ ತಂಡದಲ್ಲಿ ಹಾಡಿ ಬೆಳೆದ ಹುಡುಗ, 2001ರಲ್ಲಿ ಅದಕ್ಕೇ ಕಲಾ ನಿರ್ದೇಶಕರಾಗಿ ಬಂದರು. 2013ರಲ್ಲಿ ಸಂಸ್ಥೆಯ ಅಧ್ಯಕ್ಷರೂ ಆದರು. ಬೇರೆ ಬೇರೆ ದೇಶಗಳ ಹಾಡುಗಳನ್ನು ತಂದರು ಅಂತ ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನನಗೆ ಮುಖ್ಯ ಅನ್ನಿಸಿದ್ದು ಅವರ ಕಾಲದಲ್ಲಿ, 2010ರಲ್ಲಿ, ಶುರುವಾದ ಹೈಸ್ಕೂಲಿನ ಮೇಲಿನ ತರಗತಿಗಳು. ದನಿ ಒಡೆದವನೂ ಅದೇ ಆವರಣದಲ್ಲಿ ಓದಬಹುದು, ಹೊಸ ದನಿಯಲ್ಲಿ ಹಾಡಬಹುದು. ಹುಡುಗಿಯರಿಗೂ ಅಲ್ಲಿ ಜಾಗ ಇದೆ. ಹಳೆಯ ಹುಡುಗರು ಸೇರಿ ಕಟ್ಟಿದ ಗಂಡಸರ ಕ್ವಾಯರ್ 1952ರಿಂದಲೇ ಇತ್ತು. ಆದರೆ ಹದಿನಾಲ್ಕಕ್ಕೂ ಗಂಡಸಾಗುವುದಕ್ಕೂ ನಡುವಿನ ಆ ಕಂದಕ ಹಾಗೇ ಬಾಯಿ ತೆರೆದುಕೊಂಡಿತ್ತಲ್ಲ. ಅಲ್ಲೊಂದು ಸಂಕ ಹಾಕಿದ್ದು ದೊಡ್ಡ ಕೆಲಸ.

ಅದೇ 2010ರಲ್ಲಿ ಇನ್ನೊಂದೂ ಆಯಿತು. ಕೆಲವು ಹಳೆಯ ಹುಡುಗರು ತಮ್ಮ ಕಾಲದಲ್ಲಿ ಹೊಡೆತ, ಲೈಂಗಿಕ ಕಿರುಕುಳ ನಡೆದಿತ್ತು ಅಂತ ಪತ್ರಿಕೆಗಳ ಮುಂದೆ ಬಂದು ಹೇಳಿದರು. 'ದೇವಲೋಕದ ಮಕ್ಕಳು' ಅನ್ನುವ ಮಾತು ನನಗೆ ಹಿಡಿಸದೇ ಇರುವುದು ಇದಕ್ಕೇ. ದೇವಲೋಕದವರಿಗೆ ಮನೆ ನೆನಪಾಗಲ್ಲ, ಜ್ವರ ಬರಲ್ಲ, ಯಾರ ಮೇಲೂ ದೂರು ಇರಲ್ಲ ಅಲ್ವಾ? ಮುಚ್ಚಿದ ಬಾಗಿಲಿನ ಹಾಸ್ಟೆಲ್, ಮಕ್ಕಳ ಮೇಲೆ ಪೂರ್ತಿ ಹಿಡಿತ ಇರುವ ಗುರು, ಹೊರಗೆ ಬರೀ ಚಪ್ಪಾಳೆ. ಸಂಗೀತದ ಮನೆಗಳಲ್ಲಿ ಇದು ಎಲ್ಲ ಕಡೆಯೂ ಅಪಾಯವೇ. ಅದಕ್ಕೇ 2012ರಲ್ಲಿ ಕೊರಿಯಾದ ಕಿಮ್ ಬೋಮಿ ಮೇಷ್ಟ್ರ ಜಾಗಕ್ಕೆ ಬಂದ ಮೊದಲ ಹೆಂಗಸಾದಾಗ ನನಗೆ ಖುಷಿಯಾಗಿತ್ತು. ಈ ಮನೆಯಲ್ಲೇ ಬೆಳೆಯದವರು ಬಂದರೆ 'ಇದು ಯಾಕೆ ಹೀಗೆ?' ಅಂತ ಕೇಳ್ತಾರೆ. ಹುಡುಗಿಯರ ಕ್ವಾಯರ್ ಕೂಡ 2004ರಿಂದ ಇದೆ. ಆದರೆ ವಿಯೆನ್ನಾದ ಹೊಸ ವರ್ಷದ ಕಾರ್ಯಕ್ರಮದಲ್ಲಿ ಅವರು ಹಾಡಲು 2023 ಬರಬೇಕಾಯಿತು. ಹತ್ತೊಂಬತ್ತು ವರ್ಷ! ಅವರ ಹೆಸರು ಹೇಳಿದರೆ ಇವತ್ತಿಗೂ ಯಾರಿಗೂ ಗೊತ್ತಾಗಲ್ಲ.

ಕಾರ್ಯಕ್ರಮ ಮುಗಿಸಿ ನಾವು ಔಗಾರ್ಟನ್ ಪಾರ್ಕಿನ ಕಡೆ ಬಂದೆವು. 1948ರಿಂದ ಈ ಹುಡುಗರ ಮನೆ ಅಲ್ಲಿಯೇ. ಯುದ್ಧಕಾಲದ ಎರಡು ದೈತ್ಯ ಕಾಂಕ್ರೀಟ್ ಗೋಪುರಗಳು ಮರಗಳ ಮೇಲೆ ಕಪ್ಪಗೆ ನಿಂತಿದ್ದವು. ಗೇಟಿನ ಹತ್ತಿರ ಆ ಉದ್ದನೆಯ ಹುಡುಗ ಸಿಕ್ಕಿದ. ಟೋಪಿ ಜೇಬಿನಲ್ಲಿ, ಬಾಯಿತುಂಬ ಬನ್ನು. ಗೆಳೆಯನಿಗೆ ಏನೋ ಕೂಗಿ ಹೇಳಿದ. ಅರ್ಧ ಮಾತು ಮಗುವಿನ ದನಿಯಲ್ಲಿ, ಉಳಿದರ್ಧ ಗಂಡಸಿನ ದನಿಯಲ್ಲಿ ಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

'ಅಕ್ಕಾ, ಮುಂದಿನ ಸಲ ನೀನು ಬರುವಾಗ ಇವನು ಆ ಸಾಲಲ್ಲಿ ಇರಲ್ಲ ನೋಡು' ಅಂದಳು ತಂಗಿ. ಅಷ್ಟರಲ್ಲಿ ನಮ್ಮ ಟ್ರಾಮ್ ಬಂತು.