ಸ್ವಸಂತೋಷದಿಂದ

ಇವತ್ತು ಬೆಳಿಗ್ಗೆ ಗೆಳೆಯನೊಬ್ಬನ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ಸಾಕ್ಷಿ ಹಾಕಬೇಕಿತ್ತು. ಅವನ ಇಬ್ಬರು ಅಕ್ಕಂದಿರು ಅಪ್ಪನ ಮನೆಯ ಮೇಲಿನ ಹಕ್ಕು ಬಿಡುಗಡೆ ಮಾಡಿಕೊಡುತ್ತಿದ್ದರು. ದೊಡ್ಡಕ್ಕ ಬಳ್ಳಾರಿಯಿಂದ ರಾತ್ರಿ ಬಸ್ಸಿಗೆ ಬಂದಿದ್ದರು. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ತಮ್ಮನ ಮಕ್ಕಳಿಗೆ ಮಾಡಿಕೊಂಡು ಬಂದ ಚಕ್ಕುಲಿ ಡಬ್ಬಿ.

ಬಾಂಡ್ ರೈಟರ್ ಪತ್ರ ಓದಿದ. ಓದಿದ ಏನು, ಗೊಣಗಿದ. ಒಂದು ಸಾಲು ಮಾತ್ರ ಕಿವಿಗೆ ಸರಿಯಾಗಿ ಬಿತ್ತು. 'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ...'

ಆಮೇಲೆ ಬೆರಳಚ್ಚು. ದೊಡ್ಡಕ್ಕನ ಹೆಬ್ಬೆರಳನ್ನು ಮಿಷನ್ನು ತಗೊಳ್ಳಲೇ ಇಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಗೆರೆಗಳೆಲ್ಲ ಸವೆದುಹೋಗಿದ್ದವು. 'ಸೆರಗಲ್ಲಿ ಒರೆಸಿ ಇಡಿ ಅಮ್ಮ, ಇನ್ನೂ ಗಟ್ಟಿಯಾಗಿ ಒತ್ತಿ' ಅಂತ ಕಂಪ್ಯೂಟರ್ ಮುಂದೆ ಕೂತ ಹುಡುಗ ನಾಲ್ಕು ಸಲ ಹೇಳಿದ. ಅವರು ನಾಲ್ಕು ಸಲವೂ ಒರೆಸಿ ಒತ್ತಿದರು. ಒತ್ತಾಯ ಇಲ್ಲದೆ ಅಂದರೆ ಹೀಗೆ.

ಹೊರಗೆ ಬಂದ ಮೇಲೆ ಗೆಳೆಯ ಇಬ್ಬರಿಗೂ ಒಂದೊಂದು ರೇಷ್ಮೆ ಸೀರೆ ಕೊಟ್ಟ. ಅರಿಶಿನ ಕುಂಕುಮ, ಎಲೆ ಅಡಿಕೆ ಸಮೇತ. ನನಗೆ ಮಸಾಲೆ ದೋಸೆ ಕೊಡಿಸಿದ. ದೋಸೆ ತಿನ್ನುತ್ತಾ ಅವನು ಹೇಳಿದ ಮಾತಿಗೆ ಇಷ್ಟುದ್ದ ಬರೆಯಲು ಕೂತಿದ್ದೇನೆ. 'ನಮ್ಮಕ್ಕಂದಿರು ಬಂಗಾರ ಕಣೋ. ಈ 2005ರ ಕಾನೂನು ಬಂದ ಮೇಲೆ ಎಷ್ಟು ಮನೆ ಒಡೀತು ನೋಡು.'

ಲೋ ಮಾರಾಯ. ನಿಮ್ಮ ಮನೆಗೂ 2005ರ ಕಾನೂನಿಗೂ ಏನು ಸಂಬಂಧ?

ನಿಮ್ಮಪ್ಪ ಮೇಷ್ಟ್ರು. ಸಂಬಳದಲ್ಲಿ ಉಳಿಸಿ ಮೂವತ್ತಕ್ಕೆ ನಲವತ್ತು ಅಡಿಯ ಒಂದು ಸೈಟು ತಗೊಂಡು ಮನೆ ಕಟ್ಟಿಸಿದರು. ಅದು ಸ್ವಯಾರ್ಜಿತ. ಉಯಿಲು ಬರೆಯದೆ ತೀರಿಕೊಂಡರು. ಅಂಥ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ತೀರಿಕೊಂಡವರ ತಾಯಿ ಇದ್ದರೆ ಅವರಿಗೂ ಸಮ ಸಮ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ನಿಮ್ಮ ಅಜ್ಜಿ ಇಲ್ಲ. ಅಮ್ಮ, ನೀನು, ತಮ್ಮ, ಇಬ್ಬರು ಅಕ್ಕಂದಿರು. ಐದು ಪಾಲು. ಅವರಿಬ್ಬರ ಎರಡು ಪಾಲು ನಿಮ್ಮಪ್ಪ ಕಣ್ಣು ಮುಚ್ಚಿದ ದಿನವೇ ಅವರದಾಗಿತ್ತು. ನೀನು ಕೊಡಬೇಕಾಗಿದ್ದು ಏನೂ ಇರಲಿಲ್ಲ. ಅವರ ಹತ್ತಿರ ಇದ್ದದ್ದನ್ನು ನೀನು ಇಸ್ಕೊಂಡೆ.

ಅದೇ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ತಂದಾಗ ಬದಲಾಗಿದ್ದು ಮುಖ್ಯವಾಗಿ ಪಿತ್ರಾರ್ಜಿತದ ಲೆಕ್ಕ. ಮಗನ ಹಾಗೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತಾಯಿತು. ನಮ್ಮ ರಾಜ್ಯದಲ್ಲಿ 1994ರಲ್ಲೇ ಅಂಥ ತಿದ್ದುಪಡಿ ಬಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಇಲ್ಲ ಅಂದರು. ಮಗಳಿಗೆ ಹಕ್ಕು ಸಿಗಲು, 2005ರ ತಿದ್ದುಪಡಿ ಜಾರಿಗೆ ಬಂದ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕಾ ಬೇಡವಾ ಅಂತ ಕೋರ್ಟುಗಳಲ್ಲಿ ಎಳೆದಾಡಿ, ಕೊನೆಗೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬೇಕಿಲ್ಲ ಅಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪಟ್ಟಿ ಇದ್ದರೆ ಅದನ್ನು ಕೆದಕುವ ಹಾಗಿಲ್ಲ. ಇಷ್ಟೇ.

ಹಾಂ, ಇನ್ನೊಂದಿದೆ. ಹಳೇ ಕಾಯ್ದೆಯಲ್ಲಿ 23ನೇ ಸೆಕ್ಷನ್ ಅಂತ ಒಂದಿತ್ತು. ಕುಟುಂಬದವರು ವಾಸ ಇರುವ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲೇನೋ ಉಂಟು, ಆದರೆ ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಭಾಗ ಮಾಡಿ ಅಂತ ಇವರು ಕೇಳುವ ಹಾಗಿಲ್ಲ! ತಟ್ಟೆಯಲ್ಲಿ ಊಟ ಬಡಿಸಿ ಕೈ ಕಟ್ಟಿದ ಹಾಗೆ. 2005ರಲ್ಲಿ ಅದನ್ನು ಕಿತ್ತುಹಾಕಿದರು. ಈಗ ಕೈ ಕಟ್ಟುವ ಕೆಲಸಕ್ಕೆ ಸೆಕ್ಷನ್ ಬೇಕಿಲ್ಲ, ಸೀರೆ ಸಾಕು.

ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. 'ಮದುವೆಗೆ ಸಾಲ ಮಾಡಿ ಖರ್ಚು ಮಾಡಿಲ್ವಾ?' ಮಾಡಿದ್ದೀರಿ. ಮಗನ ಇಂಜಿನಿಯರಿಂಗ್ ಸೀಟಿಗೆ ಕಟ್ಟಿದ ಡೊನೇಷನ್ ಯಾವ ಲೆಕ್ಕದಲ್ಲಿ ಬರೆದಿದ್ದೀರಿ? 'ಅಪ್ಪ ಅಮ್ಮನ್ನ ನೋಡಿಕೊಂಡಿದ್ದು ನಾವು.' ನಿಜ ಹೇಳಿ, ನೀವಾ? ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿದ್ದು ಸೊಸೆ. ಆ ಸೊಸೆಯೂ ತನ್ನ ತವರಲ್ಲಿ ಸ್ವಸಂತೋಷದಿಂದ ಸೈನ್ ಹಾಕಿ ಬಂದವಳೇ. ಕೆಲವರು ನಿಜವಾಗಿಯೂ ಮನಸಾರೆ ಬಿಟ್ಟುಕೊಡುತ್ತಾರೆ, ಇಲ್ಲ ಅನ್ನಲ್ಲ. ಆದರೆ 'ಭಾಗ ಕೇಳಿದರೆ ತವರಿನ ಬಾಗಿಲು ಮುಚ್ಚಿತು' ಅಂತ ಚಿಕ್ಕಪ್ಪಂದಿರೆಲ್ಲ ಸೇರಿ ಹೇಳಿದ ಮೇಲೆ ಬರುವ ಸಂತೋಷವನ್ನು ಅಳೆಯುವುದು ಹೇಗೆ? ಬಾಗಿನ ಬೇಕೋ, ಪಾಲು ಬೇಕೋ ಅಂದರೆ ಗೌರಿ ಹಬ್ಬಕ್ಕೆ ಕಾಯುವ ಯಾವ ಹೆಣ್ಣುಮಗಳು ಪಾಲು ಅಂತಾಳೆ? ಗಂಡುಮಕ್ಕಳಿಗೆ ಮಾತ್ರ ಎರಡೂ ಒಟ್ಟಿಗೆ ಸಿಗುತ್ತೆ, ಅಲ್ವಾ.

ಇಷ್ಟೆಲ್ಲ ಬರೆಯುತ್ತಿರುವುದು ಎಲ್ಲಿ ಕೂತು ಅಂತ ನಿಮಗೆ ಗೊತ್ತಲ್ಲ. ನಮ್ಮಪ್ಪ ಕಟ್ಟಿಸಿದ ಮನೆಯ ಮಹಡಿ ಮೇಲೆ. ಗೃಹಪ್ರವೇಶದ ಫೋಟೋ ಹಾಕಿದಾಗ ಬಹಳ ಜನ ಲೈಕ್ ಕೊಟ್ಟಿದ್ದಿರಿ. ಮಹಡಿ ಕಟ್ಟಲು ಬ್ಯಾಂಕು ಸಾಲ ಕೊಡಬೇಕಾದರೆ ಮನೆಯ ಖಾತೆ ನನ್ನೊಬ್ಬನ ಹೆಸರಲ್ಲಿರಬೇಕಿತ್ತು. 2011ರಲ್ಲಿ ಅಕ್ಕ ಬಂದು ಸೈನ್ ಹಾಕಿ ಹೋದಳು. ನಾನೂ ಸೀರೆ ಕೊಟ್ಟಿದ್ದೆ. ಬಣ್ಣ ಯಾವುದು ಅಂತ ನೆನಪಿಲ್ಲ, ಆರಿಸಿದ್ದು ನನ್ನ ಹೆಂಡತಿ.

ಮಧ್ಯಾಹ್ನ ಬೀರುವಿನಿಂದ ಆ ಪತ್ರ ತೆಗೆದೆ. ಎರಡನೇ ಪುಟದಲ್ಲಿ ಅದೇ ಸಾಲು. ಬಾಂಡ್ ರೈಟರ್‌ಗಳೆಲ್ಲ ಒಂದೇ ಕಾಪಿ ಇಟ್ಟುಕೊಂಡಿರುತ್ತಾರೆ ಅಂತ ಕಾಣುತ್ತೆ. ಕೆಳಗೆ ಅಕ್ಕನ ಸಹಿ, ಸ್ಕೂಲಲ್ಲಿ ನನಗೆ ಕಾಪಿ ಬರೆಸುತ್ತಿದ್ದಳಲ್ಲ, ಅದೇ ದುಂಡಗಿನ ಅಕ್ಷರ.

ಫೋನ್ ಮಾಡಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು. 'ಅಕ್ಕಾ, ಆ ಮನೆ ಪತ್ರದ ವಿಷಯ ಸ್ವಲ್ಪ ಮಾತಾಡಬೇಕಿತ್ತು' ಅಂದೆ.

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಕೇಳಿದಳು, 'ಯಾಕೋ, ಇನ್ನೊಂದು ಸೈನ್ ಬೇಕಿತ್ತಾ?'