ಕಮೋಲಿಗೆ ಹೋದರೆ ಬಲೆ ಎಳೆಯುವುದನ್ನು ನೋಡಿ

ಇಟಲಿಗೆ ಹೊರಟವರ ಪಟ್ಟಿಯಲ್ಲಿ ಪೋರ್ಟೊಫಿನೊ, ಚಿಂಕ್ವೆ ತೆರ್ರೆಯಂಥ ಕಡಲ ತೀರದ ಊರುಗಳು ಇದ್ದೇ ಇರುತ್ತವೆ. ನನ್ನನ್ನು ಕೇಳಿದರೆ ಜೆನೋವಾದಿಂದ ಲೋಕಲ್ ರೈಲು ಹತ್ತಿ ಕಮೋಲಿಯಲ್ಲಿ ಇಳಿಯಿರಿ ಅಂತೀನಿ. 5,000ದಷ್ಟು ಜನರಿರುವ ಪುಟ್ಟ ಊರು. ಸಮುದ್ರಕ್ಕೆ ಮುಖ ಮಾಡಿ ನಿಂತ ಎತ್ತರದ ಬಣ್ಣದ ಮನೆಗಳು ಇಲ್ಲೂ ಇವೆ, ಫೋಟೊಗೇನೂ ಕೊರತೆಯಿಲ್ಲ. ಆದರೆ ಫೋಟೊ ತೆಗೆದು ವಾಪಸ್ ರೈಲು ಹತ್ತಿದರೆ ಊರನ್ನು ನೋಡಿದ ಹಾಗಾಗಲಿಲ್ಲ.

ನೋಡಬೇಕಾದದ್ದು ಟೊನ್ನರೆಲ್ಲ. ಊರ ಪಕ್ಕದ ಪುಂತಾ ಕಿಯಾಪ್ಪ ಎಂಬ ಭೂಶಿರದ ಬಳಿ ಪ್ರತಿ ವರ್ಷ ವಸಂತದಲ್ಲಿ ಕಟ್ಟಿ, ಬೇಸಿಗೆ ಮುಗಿಯುವವರೆಗೂ ನೀರಲ್ಲೇ ಬಿಡುವ ದೊಡ್ಡ ಬಲೆ ಇದು. ಈ ಪದ್ಧತಿಗೆ 17ನೇ ಶತಮಾನದಿಂದಲೂ ದಾಖಲೆಗಳಿವೆ. ದಡದ ಕಡೆಯಿಂದ ಗೋಡೆಯಂತೆ ಒಂದು ಬಲೆ ಇಳಿಬಿಟ್ಟಿರುತ್ತಾರೆ. ಅದು ಅಡ್ಡ ಬಂದಾಗ ಮೀನು ದಾರಿ ಹುಡುಕುತ್ತಾ ಹೋಗಿ, ಬಲೆಯಿಂದಲೇ ಮಾಡಿದ ಕೊನೆಯ ಕೋಣೆಗೆ ಸೇರುತ್ತದೆ. ಮೀನುಗಾರರು ದೋಣಿಯಿಂದ ಆ ಕೋಣೆಯನ್ನು ಕೈಯಲ್ಲೇ ಎಳೆದು ಮೇಲೆತ್ತುತ್ತಾರೆ. ಬೇಡದ ಮೀನನ್ನು ಜೀವಂತವಾಗಿಯೇ ವಾಪಸ್ ಬಿಡಬಹುದು.

ನಮ್ಮವರಿಗೆ ಖುಷಿಯಾಗುವ ವಿಷಯ ಅಂದರೆ ಆ ಬಲೆ ಹೆಣೆಯುವುದು ತೆಂಗಿನ ನಾರಿನಿಂದ! ಒಂದು ತೆಂಗಿನ ಮರವೂ ಬೆಳೆಯದ ಊರು ಅದು. ನಾರಿನ ಮೇಲೆ ಪಾಚಿ ಚೆನ್ನಾಗಿ ಹಿಡಿಯುತ್ತೆ, ಪಾಚಿ ಹುಡುಕಿಕೊಂಡು ಸಣ್ಣ ಜೀವಿಗಳು ಬರುತ್ತವೆ, ಅವುಗಳ ಹಿಂದೆ ಮೀನು. ಸೀಸನ್ ಮುಗಿದ ಮೇಲೆ ನಾರು ಸಮುದ್ರದಲ್ಲೇ ಕೊಳೆತು ಹೋದರೂ ತೊಂದರೆಯಿಲ್ಲ. ನೈಲಾನ್ ಬಲೆಗೆ ಈ ಗುಣ ಎಲ್ಲಿಂದ ಬರಬೇಕು?

ಈ ಬಲೆಯನ್ನು ನಡೆಸುವುದು ಮೀನುಗಾರರ ಸಹಕಾರ ಸಂಘ. ಸೇರಿ ಮಾಡುವುದು, ಹಂಚಿಕೊಳ್ಳುವುದು ಆ ಊರಿನ ಹಳೇ ಬುದ್ಧಿ. 19ನೇ ಶತಮಾನದಲ್ಲಿ ಈ ಸಣ್ಣ ಊರಿನವರ ಹೆಸರಲ್ಲಿ ನೂರಾರು ಹಾಯಿಹಡಗುಗಳಿದ್ದವು. ಅಷ್ಟು ದುಡ್ಡು ಎಲ್ಲಿತ್ತು ಅಂದರೆ, ಒಬ್ಬರ ಹತ್ತಿರ ಇರಲಿಲ್ಲ. ಇಟಲಿಯ ರೂಢಿಯಂತೆ ಒಂದು ಹಡಗನ್ನು 24 ಪಾಲು ಮಾಡಿ ಹಂಚಿಕೊಳ್ಳುತ್ತಿದ್ದರು. ಒಂದು ಮನೆಯವರದ್ದು ಎರಡು ಪಾಲು, ಇನ್ನೊಬ್ಬರದ್ದು ಒಂದು. ಹಡಗು ಮುಳುಗಿದರೆ? ಅದಕ್ಕೂ 1853ರಲ್ಲಿ ತಮ್ಮದೇ ಪರಸ್ಪರ ವಿಮಾ ಸಂಘ ಕಟ್ಟಿಕೊಂಡರು. ನಷ್ಟವೂ ಹಂಚಿಕೆ. ಆಮೇಲೆ ಉಗಿಹಡಗು ಬಂತು, ಹಾಯಿಯ ಕಾಲ ಮುಗಿಯಿತು.

ಈ ನಾವಿಕರು ಎಲ್ಲೆಲ್ಲಿ ಹೋದರು ಅಂತೀರಿ! ದಕ್ಷಿಣ ಅಟ್ಲಾಂಟಿಕ್ ಮಧ್ಯದ ಟ್ರಿಸ್ಟಾನ್ ಡ ಕುನ್ಯ ದ್ವೀಪದಲ್ಲಿ 1892ರಲ್ಲಿ ಒಂದು ಹಡಗು ಒಡೆಯಿತು. ಅದರಲ್ಲಿದ್ದ ಕಮೋಲಿಯ ಇಬ್ಬರು, ರೆಪೆಟ್ಟೊ ಮತ್ತು ಲವರೆಲ್ಲೊ, ಅಲ್ಲೇ ಮದುವೆಯಾಗಿ ಉಳಿದುಬಿಟ್ಟರು. ಆ ದ್ವೀಪದಲ್ಲಿ ಈಗಲೂ ಅವೇ ಮನೆತನದ ಹೆಸರುಗಳಿವೆ.

ಮನೆಗಳ ಗೋಡೆ ಹತ್ತಿರದಿಂದ ನೋಡಿ. ಎಷ್ಟೋ ಕಿಟಕಿಗಳು ಕಿಟಕಿಗಳೇ ಅಲ್ಲ, ಚಿತ್ರ! ನಾವಿಕರಿಗೆ ದೂರದಿಂದಲೇ ತಮ್ಮ ಮನೆ ಗುರುತು ಸಿಗಲಿ ಅಂತ ಬಣ್ಣ ಬಳಿಯುತ್ತಿದ್ದರು ಅನ್ನುವ ಕಥೆಯನ್ನೂ ಹೇಳುತ್ತಾರೆ. ಚೆನ್ನಾಗಿದೆ, ಆದರೆ ನನಗೆ ಅಷ್ಟು ನಂಬಿಕೆಯಿಲ್ಲ. ಗೋಡೆಯ ಅಲಂಕಾರಕ್ಕೆ ಕಲ್ಲು ಕೆತ್ತಿಸುವುದಕ್ಕಿಂತ ಚಿತ್ರ ಬರೆಸುವುದು ಅಗ್ಗ, ಅಷ್ಟೇ ಇರಬೇಕು.

ಪ್ರವಾಸಿಗರಿಗೆ ಗೊತ್ತಿರುವುದು ಮೇ ತಿಂಗಳ ಮೀನಿನ ಜಾತ್ರೆ. 1952ರಿಂದ ನಡೆಯುತ್ತಿದೆ. ಬಂದರಿನಲ್ಲಿ ದೈತ್ಯ ಬಾಣಲೆ ಇಟ್ಟು ಮೀನು ಕರಿಯುತ್ತಾರೆ. ಹಿಂದಿನ ರಾತ್ರಿ ಎರಡು ಕೇರಿಯವರು ಪೈಪೋಟಿಯಲ್ಲಿ ಕಟ್ಟಿಗೆ ರಾಶಿ ಒಟ್ಟಿ ಬೆಂಕಿ ಹಾಕುತ್ತಾರೆ. ಬೆಂಕಿ ನನಗಿಷ್ಟ, ಬಾಣಲೆ ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತೆ. ಕ್ಯಾಮೆರಾಗಳೆಲ್ಲ ಅಲ್ಲಿಗೇ ತಿರುಗುತ್ತವೆ, ದಿನಾ ಬಲೆ ಎಳೆಯುವವರನ್ನು ಕೇಳುವವರು ಕಡಿಮೆ.

ನಮ್ಮ ಕರಾವಳಿಯಲ್ಲಿ ದಡದಿಂದ ಎಳೆಯುವ ದೊಡ್ಡ ಬಲೆ, ರಂಪಣಿಯೂ ಹೀಗೇ ಇತ್ತಲ್ವಾ? ಊರೆಲ್ಲ ಸೇರಿ ಎಳೆಯುವುದು, ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆ ಸೇರಿತು. ಕಮೋಲಿಯವರು ತಮ್ಮ ಬಲೆಯನ್ನು ಉಳಿಸಿಕೊಂಡಿದ್ದಾರೆ. ಹಳೇದು ಅನ್ನುವ ಮೋಹಕ್ಕೆ ಮಾತ್ರ ಉಳಿಸಿದ್ದರೆ ಅದು ಮ್ಯೂಸಿಯಂ ಸಾಮಾನಾಗುತ್ತಿತ್ತು. ಅದರಲ್ಲಿ ಇನ್ನೂ ಮೀನು ಬೀಳುತ್ತೆ, ಅದನ್ನು ಕೊಳ್ಳುವವರಿದ್ದಾರೆ. ಅಲ್ಲಿ ಊಟಕ್ಕೆ ಕೂತಾಗ ಆ ಬಲೆಯ ಮೀನಿದೆಯಾ ಅಂತ ಕೇಳಿ. ಮೀನು ತಿನ್ನದವರು ಪಕ್ಕದ ರೆಕ್ಕೊಗೆ ಹೋಗಿ, ಅಲ್ಲಿನ ಫೊಕಾಚಿಯ, ಅಂದರೆ ಚೀಸ್ ತುಂಬಿದ ತೆಳು ರೊಟ್ಟಿ, ಬಿಸಿಬಿಸಿ ಇರುವಾಗಲೇ ತಿನ್ನಿ.